ಗ್ರೇಡ್ ಒನ್ ಅಂದ್ರ ಎಷ್ಟು? ಕೊಬ್ಬಿನ ಲಿವರ್‌ನ ತೀವ್ರತೆ ಅಳೆಯುವ ಲೆಕ್ಕ



ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ದಿನ ನಮ್ಮ ಕನ್ನಡ ಸಂಘದ ಗೆಳತಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದಳು. ಊರು ಇಳಕಲ್ಲು. ಅಪ್ಪನಿಗೆ 58 ವರ್ಷ, ಸೀರೆ ವ್ಯಾಪಾರ, ಮನೆಯಲ್ಲೇ ಎರಡು ಮಗ್ಗ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು ವಾಟ್ಸಾಪ್‌ನಲ್ಲಿ ಬಂದಿತ್ತು: 'ಗ್ರೇಡ್ ಒನ್ ಫ್ಯಾಟಿ ಲಿವರ್.' ಮನೆಯಲ್ಲಿ ಎಲ್ಲರಿಗೂ ಸಮಾಧಾನ. "ಗ್ರೇಡ್ ಒನ್ ಅಲ್ಲೇನ, ಈಗಿನ ಕಾಲದಾಗ ಎಲ್ಲಾರಿಗೂ ಇರತೈತಿ ಬಿಡ" ಅಂತ ಅಪ್ಪ ಫೋನ್ ಇಟ್ಟಿದ್ದರಂತೆ. ಆಕೆಗೆ ಮಾತ್ರ ಒಂದು ಅನುಮಾನ: ಒಂದು ಅಂದರೆ ಎಷ್ಟರಲ್ಲಿ ಒಂದು? ಏನನ್ನು ಅಳೆದು ಒಂದು?

ಅಳತೆ ಅಂದ ಮೇಲೆ ಅದು ನಮ್ಮ ವಿಷಯವೇ. ಯಾವ ಉಪಕರಣ, ಯಾವ ಮಾಪನ, ತಪ್ಪು ಎಷ್ಟು ಅಂತ ಕೇಳುವುದನ್ನೇ ಅಲ್ಲವೇ ನಾವು ನಾಲ್ಕು ವರ್ಷ ಕಲಿಯುವುದು? ಆ ಪ್ರಶ್ನೆ ಹಿಡಿದು ನಾವು ಕೆಲವರು ಕೂತು ಓದಿದೆವು, ತಿಳಿದ ವೈದ್ಯರನ್ನು ಕೇಳಿದೆವು. ಅದರ ಸಾರ ಈ ಪಾಠ. ಮದ್ಯ ಕುಡಿಯದವರ ಲಿವರ್‌ನಲ್ಲಿ ಕೊಬ್ಬು ಸೇರಿದಾಗ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹೇಗೆ ಅಳೆಯುತ್ತಾರೆ ಎಂಬುದಷ್ಟೇ ಇಲ್ಲಿನ ವಿಷಯ. ಇದು ಔಷಧಿ ಚೀಟಿ ಅಲ್ಲ. ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ ಬೇಕಾದ ತಯಾರಿ.

ಮೊದಲು ಕಾಯಿಲೆ ಯಾವುದು ಅಂತ ತಿಳಿಯೋಣ

ಲಿವರ್ ಅಥವಾ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಬಲಗಡೆ ಪಕ್ಕೆಲುಬಿನ ಕೆಳಗೆ ಇರುತ್ತದೆ. ಅದರ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ಕಂಡರೆ ಅದಕ್ಕೆ ಕೊಬ್ಬಿನ ಲಿವರ್ ಅಂತ ಹೆಸರು. ಮದ್ಯದಿಂದ ಬಂದದ್ದಾದರೆ ಲೆಕ್ಕ ಬೇರೆ. ಗಂಡಸರು ದಿನಕ್ಕೆ 30 ಗ್ರಾಂ, ಹೆಂಗಸರು 20 ಗ್ರಾಂ ಆಲ್ಕೋಹಾಲ್‌ಗಿಂತ ಕಡಿಮೆ ಅಂದಾಗ ಮಾತ್ರ 'ನಾನ್ ಆಲ್ಕೋಹಾಲಿಕ್' ಎನ್ನುವ ಹೆಸರು ಸಲ್ಲುತ್ತದೆ. 90 ಎಂಎಲ್ ವಿಸ್ಕಿಯಲ್ಲಿ ಸುಮಾರು 28 ಗ್ರಾಂ ಆಲ್ಕೋಹಾಲ್ ಇರುತ್ತದೆ, ಲೆಕ್ಕ ಹಾಕಿ ನೋಡಿ. ಅದಕ್ಕೇ ವೈದ್ಯರು ಮೊದಲು "ಕುಡಿತೀರೇನ್ರಿ?" ಅಂತ ಕೇಳುವುದು. ಹೆಪಟೈಟಿಸ್ ಬಿ, ಸಿ ಇಲ್ಲ ಅಂತಲೂ ರಕ್ತ ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯುರ್ಗನ್ ಲುಡ್ವಿಗ್ ಮತ್ತು ಸಂಗಡಿಗರು, ಕುಡಿಯದವರ ಲಿವರ್‌ನಲ್ಲೂ ಕುಡುಕರ ಲಿವರ್‌ನಂಥದೇ ಉರಿಯೂತ ಕಂಡು, ಅದಕ್ಕೆ ನಾನ್ ಆಲ್ಕೋಹಾಲಿಕ್ ಸ್ಟಿಯಟೋಹೆಪಟೈಟಿಸ್ ಅಂತ ಹೆಸರಿಟ್ಟರು. 2023ರಲ್ಲಿ ತಜ್ಞರ ಸಂಘಗಳು ಸೇರಿ ಇಡೀ ಕಾಯಿಲೆಯ ಹೆಸರನ್ನೇ ಬದಲಿಸಿದವು. ಈಗ ಅದು 'ಮ್ಯಾಸ್ಲ್ಡ್', ಅಂದರೆ ದೇಹದ ಚಯಾಪಚಯ ಕೆಟ್ಟದ್ದರಿಂದ ಬಂದ ಕೊಬ್ಬಿನ ಲಿವರ್. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿರುವುದು, ಇವು ಅದರ ಒಡಹುಟ್ಟಿದವು. ರಿಪೋರ್ಟಿನಲ್ಲಿ ಹಳೆ ಹೆಸರು ಇದ್ದರೂ ಹೊಸ ಹೆಸರು ಇದ್ದರೂ ಗಾಬರಿಯಾಗಬೇಡಿ.

ಕಾಯಿಲೆ ಸಾಗುವ ದಾರಿ ಹೀಗಿದೆ. ಮೊದಲು ಬರೀ ಕೊಬ್ಬು. ಬಹಳಷ್ಟು ಮಂದಿ ಇಲ್ಲೇ ನಿಲ್ಲುತ್ತಾರೆ. ಕೆಲವರಲ್ಲಿ ಉರಿಯೂತ ಶುರುವಾಗಿ ಜೀವಕೋಶಗಳು ಊದಿಕೊಳ್ಳುತ್ತವೆ. ಸತ್ತ ಜೀವಕೋಶಗಳ ಜಾಗದಲ್ಲಿ ಕೊಲಾಜೆನ್ ಎಂಬ ನಾರು ಕೂರುತ್ತದೆ. ಗಾಯ ಮಾಯ್ದ ಮೇಲೆ ಉಳಿಯುವ ಕಲೆ ಇದ್ದಂತೆ. ಇದೇ ಫೈಬ್ರೋಸಿಸ್. ನಾರಿಲ್ಲದಿದ್ದರೆ ಎಫ್0, ಸ್ವಲ್ಪ ಇದ್ದರೆ ಎಫ್1, ಹರಡಿದ್ದರೆ ಎಫ್2, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೇತುವೆಯಂತೆ ಕೂಡಿದ್ದರೆ ಎಫ್3, ಇಡೀ ಲಿವರ್ ಗಂಟುಗಂಟಾಗಿದ್ದರೆ ಎಫ್4, ಅಂದರೆ ಸಿರೋಸಿಸ್.

ಪಾಠದ ಮುಖ್ಯ ಮಾತು ಇಲ್ಲಿದೆ. ಸ್ಕ್ಯಾನಿಂಗ್ ರಿಪೋರ್ಟಿನ 'ಗ್ರೇಡ್' ಕೊಬ್ಬಿನ ಅಳತೆ. 'ಎಫ್' ಎಂಬ ಹಂತ ನಾರಿನ ಅಳತೆ. ಎರಡೂ ಬೇರೆ ಬೇರೆ ಸ್ಕೇಲು. ರೋಗಿಯ ಮುಂದಿನ ಆಯುಷ್ಯವನ್ನು ಹೆಚ್ಚಾಗಿ ಹೇಳುವುದು ಕೊಬ್ಬಲ್ಲ, ನಾರು. 'ಗ್ರೇಡ್ ಒನ್' ಎಂಬುದನ್ನು 'ಮೊದಲ ಹಂತದ ಕಾಯಿಲೆ' ಅಂತ ಓದಿದರೆ, ವೋಲ್ಟ್‌ಮೀಟರ್ ನೋಡಿ ಕರೆಂಟ್ ಇಷ್ಟೇ ಅಂದ ಹಾಗೆ.

ಅಲ್ಟ್ರಾಸೌಂಡ್ ಕೊಬ್ಬನ್ನು ನೋಡುವುದು ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದರಿಂದ. ಕೊಬ್ಬು ನೂರಕ್ಕೆ ಇಪ್ಪತ್ತು ದಾಟುವ ತನಕ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಆರಂಭದ ನಾರಂತೂ ಕಾಣುವುದೇ ಇಲ್ಲ. ಇನ್ನೊಂದು ವಿಚಿತ್ರ: ಸಿರೋಸಿಸ್ ಹತ್ತಿರ ಬಂದಾಗ ಕೊಬ್ಬು ಕರಗುತ್ತಾ ಹೋಗುವುದುಂಟು. ಅಂದರೆ ಗ್ರೇಡ್ ಇಳಿದಿದೆ ಅಂತ ಖುಷಿಪಡುವ ಹೊತ್ತಿಗೆ ಕಾಯಿಲೆ ಏರಿರಬಹುದು.

ಕೋರ್ ಕಟಿಂಗ್ ಮತ್ತು ಬಯಾಪ್ಸಿ

ಸಿವಿಲ್‌ನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಟ್ಟಡದ ಕಾಂಕ್ರೀಟ್ ಗಟ್ಟಿ ಇದೆಯೋ ಇಲ್ಲವೋ ನೋಡಲು ಎರಡು ದಾರಿ. ಒಂದು, ಕೋರ್ ಕತ್ತರಿಸಿ ತೆಗೆದು ಒಡೆದು ನೋಡುವುದು. ಇನ್ನೊಂದು, ರಿಬೌಂಡ್ ಹ್ಯಾಮರ್ ಅಥವಾ ಅಲ್ಟ್ರಾಸಾನಿಕ್ ಅಲೆ ಬಿಟ್ಟು ಹಾನಿ ಮಾಡದೆ ಅಂದಾಜಿಸುವುದು.

ಲಿವರ್‌ಗೆ ಕೋರ್ ಅಂದರೆ ಬಯಾಪ್ಸಿ. ಸೂಜಿ ಚುಚ್ಚಿ ಎರಡು ಸೆಂಟಿಮೀಟರ್ ಆಸುಪಾಸಿನ ಎಳೆ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. 2005ರಲ್ಲಿ ಪ್ರಕಟವಾದ ಅಂಕಪದ್ಧತಿ ಒಂದಿದೆ: ಕೊಬ್ಬಿಗೆ 0ರಿಂದ 3, ಉರಿಯೂತಕ್ಕೆ 0ರಿಂದ 3, ಜೀವಕೋಶ ಊದಿದ್ದಕ್ಕೆ 0ರಿಂದ 2, ಒಟ್ಟು 8. ನಾರಿನ ಹಂತವನ್ನು ಇದರಲ್ಲಿ ಕೂಡಿಸದೆ ಬೇರೆಯಾಗಿಯೇ ಬರೆಯುತ್ತಾರೆ. ಇದು ಅತ್ಯಂತ ನೇರ ಪರೀಕ್ಷೆ ಹೌದು. ಆದರೆ ತೆಗೆದ ಎಳೆ ಇಡೀ ಲಿವರ್‌ನ ಐವತ್ತು ಸಾವಿರದಲ್ಲಿ ಒಂದು ಭಾಗ. ಸ್ಯಾಂಪಲ್ ಬೇರೆ ಜಾಗದಿಂದ ಬಂದರೆ ಹಂತವೂ ಬೇರೆ ಬರಬಹುದು. ನೋವು, ಅಪರೂಪಕ್ಕೆ ರಕ್ತಸ್ರಾವ ಬೇರೆ. ಎಐಐಎಂಎಸ್ ವೈದ್ಯರು 2022ರಲ್ಲಿ ಭಾರತದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಕೊಬ್ಬಿನ ಲಿವರ್ ಇತ್ತು. ಇಷ್ಟು ಜನಕ್ಕೆಲ್ಲ ಸೂಜಿ ಚುಚ್ಚಲಿಕ್ಕಾಗುತ್ತದೆಯೇ? ಹಾಗಾಗಿ ಹಾನಿ ಮಾಡದ ಪರೀಕ್ಷೆ ಬೇಕು, ಅದೂ ಹುನಗುಂದದಂಥ ತಾಲೂಕು ಊರಿನ ಲ್ಯಾಬಿನಲ್ಲಿ ಸಿಗುವಂಥದ್ದು ಬೇಕು.

ನಾಲ್ಕು ಸಂಖ್ಯೆ, ಒಂದು ಸೂತ್ರ

ಅದೇ ಫಿಬ್-4. ನಾಲ್ಕು ಸಂಖ್ಯೆ ಸಾಕು: ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್. ಎಎಸ್‌ಟಿ ಮತ್ತು ಎಎಲ್‌ಟಿಯನ್ನು ನಮ್ಮ ಕಡೆ ಲ್ಯಾಬುಗಳು ಎಸ್‌ಜಿಒಟಿ, ಎಸ್‌ಜಿಪಿಟಿ ಅಂತ ಬರೆಯುತ್ತವೆ.

ಫಿಬ್-4 = (ವಯಸ್ಸು × ಎಎಸ್‌ಟಿ) ÷ (ಪ್ಲೇಟ್‌ಲೆಟ್ × √ಎಎಲ್‌ಟಿ)

1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ನಾರಿನ ಸಾಧ್ಯತೆ ಕಡಿಮೆ. 2.67ಕ್ಕಿಂತ ಹೆಚ್ಚಾದರೆ ಸಾಧ್ಯತೆ ಹೆಚ್ಚು. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು.

ಸೂತ್ರ ಬಾಯಿಪಾಠ ಮಾಡುವ ಮೊದಲು ಯಾವುದು ಯಾಕೆ ಮೇಲೆ, ಯಾವುದು ಯಾಕೆ ಕೆಳಗೆ ಅಂತ ನೋಡೋಣ. ನಾರು ಕೂರಲಿಕ್ಕೆ ವರ್ಷಗಳು ಬೇಕು, ಅದಕ್ಕೆ ವಯಸ್ಸು ಮೇಲೆ. ನಾರು ಹೆಚ್ಚಾದಂತೆ ಎಎಲ್‌ಟಿಗೆ ಹೋಲಿಸಿದರೆ ಎಎಸ್‌ಟಿ ಮೇಲಾಗುತ್ತದೆ, ಅದಕ್ಕೆ ಒಂದು ಮೇಲೆ, ಒಂದು ಕೆಳಗೆ. ಲಿವರ್ ಗಟ್ಟಿಯಾದರೆ ಅದರೊಳಗೆ ಹೋಗುವ ರಕ್ತಕ್ಕೆ ತಡೆ ಬಂದು ಒತ್ತಡ ಹಿಂದಕ್ಕೆ ಏರುತ್ತದೆ. ಗುಲ್ಮ ಊದಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ತಯಾರಿಗೆ ಬೇಕಾದ ಹಾರ್ಮೋನನ್ನೂ ಲಿವರ್ ಕಡಿಮೆ ಮಾಡುತ್ತದೆ. ಹೀಗೆ ಪ್ಲೇಟ್‌ಲೆಟ್ ಇಳಿಯುತ್ತದೆ, ಅದಕ್ಕೆ ಅದು ಕೆಳಗೆ.

ಯುನಿಟ್ಟಿನ ಬಗ್ಗೆ ಎಚ್ಚರ! ನಮ್ಮ ಲ್ಯಾಬುಗಳು '1.48 ಲಕ್ಷ' ಅಂತ ಬರೆಯುತ್ತವೆ. ಸೂತ್ರಕ್ಕೆ ಹಾಕಬೇಕಾದ್ದು 148, ಅಂದರೆ ಸಾವಿರಗಳಲ್ಲಿ. 1.48 ಹಾಕಿದರೆ ಉತ್ತರ ನೂರು ಪಟ್ಟು ಹೆಚ್ಚು, 1,48,000 ಹಾಕಿದರೆ ಸಾವಿರ ಪಟ್ಟು ಕಡಿಮೆ. ನಾವು ಮೊದಲ ಸಲ ಲೆಕ್ಕ ಹಾಕಿದಾಗ ಮಾಡಿದ ತಪ್ಪೂ ಇದೇ.

ನಾಲ್ಕು ಊರಿನ ನಾಲ್ಕು ರಿಪೋರ್ಟು

ಮೊದಲನೆಯದು ನಮ್ಮ ಗೆಳತಿಯ ಅಪ್ಪನದು. ಉಳಿದ ಮೂವರನ್ನು ಪಾಠಕ್ಕಾಗಿ ನಾವೇ ಕಟ್ಟಿದ್ದೇವೆ.

ಇಳಕಲ್ಲು: ವಯಸ್ಸು 58, ಎಎಸ್‌ಟಿ 44, ಎಎಲ್‌ಟಿ 36, ಪ್ಲೇಟ್‌ಲೆಟ್ 1.48 ಲಕ್ಷ, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಒನ್. 58 × 44 = 2552. ಕೆಳಗೆ 148 × 6 = 888. ಉತ್ತರ 2.87.

ಬಾದಾಮಿ: ವಯಸ್ಸು 42, ಗುಹೆ ನೋಡಲು ಬರುವ ಪ್ರವಾಸಿಗರಿಗೆ ಗಾಡಿ ಓಡಿಸುವವರು ಅಂದುಕೊಳ್ಳಿ. ಎಎಸ್‌ಟಿ 54, ಎಎಲ್‌ಟಿ 81, ಪ್ಲೇಟ್‌ಲೆಟ್ 2.70 ಲಕ್ಷ, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಟೂ. 2268 ÷ (270 × 9) = 0.93.

ಹುನಗುಂದ: ವಯಸ್ಸು 52, ಶಾಲೆಯ ಅಕ್ಕೋರು. ಎಎಸ್‌ಟಿ 46, ಎಎಲ್‌ಟಿ 49, ಪ್ಲೇಟ್‌ಲೆಟ್ 2 ಲಕ್ಷ. 2392 ÷ (200 × 7) = 1.71.

ಬಾಗಲಕೋಟೆ: ವಯಸ್ಸು 21, ನಮ್ಮಂಥ ಹಾಸ್ಟೆಲ್ ಹುಡುಗ. ಎಎಸ್‌ಟಿ 30, ಎಎಲ್‌ಟಿ 64, ಪ್ಲೇಟ್‌ಲೆಟ್ 2.80 ಲಕ್ಷ. 630 ÷ (280 × 8) = 0.28.

ಈಗ ಒಬ್ಬೊಬ್ಬರನ್ನೇ ಓದೋಣ. ಬಾದಾಮಿಯವರ ಎಎಲ್‌ಟಿ ಮಾಮೂಲಿನ ಎರಡು ಪಟ್ಟು, ಗ್ರೇಡ್ ಟೂ, ಮನೆಮಂದಿಯೆಲ್ಲ ಹೆದರಿರುತ್ತಾರೆ. ಆದರೆ ಮುಂದುವರಿದ ನಾರಿನ ಸಾಧ್ಯತೆ ಸದ್ಯಕ್ಕೆ ಕಡಿಮೆ. ತೂಕ ಇಳಿಸಬೇಕು, ಎಎಲ್‌ಟಿ ಯಾಕೆ ಏರಿದೆ ಅಂತ ವೈದ್ಯರು ನೋಡಬೇಕು, ಒಂದೆರಡು ವರ್ಷಕ್ಕೆ ಮತ್ತೆ ಲೆಕ್ಕ ಹಾಕಬೇಕು. ಇಳಕಲ್ಲಿನವರದು ತದ್ವಿರುದ್ಧ. ಎಎಲ್‌ಟಿ ಮಾಮೂಲು, ಎಎಸ್‌ಟಿ ಕೂದಲೆಳೆಯಷ್ಟು ಹೆಚ್ಚು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕೆ ಕೂದಲೆಳೆಯಷ್ಟು ಕಡಿಮೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಕೂಡಿಸಿ ನೋಡಿದಾಗ 2.67ರ ಗೆರೆ ದಾಟಿದೆ. ಎಲ್ಲರೂ ನಿರಾಳವಾಗಿದ್ದ ಮನೆಯಲ್ಲೇ ನಿಜವಾದ ಅಪಾಯ ಇದ್ದದ್ದು.

ಹುನಗುಂದದ ಅಕ್ಕೋರು ನಡುವಿನವರು, ಅವರಿಗೆ ಮುಂದಿನ ಪರೀಕ್ಷೆ ಬೇಕು. ಹಾಸ್ಟೆಲ್ ಹುಡುಗ 0.28 ನೋಡಿ "ಪಾಸಾದ್ನಿ" ಅಂದರೆ ತಪ್ಪು. ವಯಸ್ಸೇ ಗುಣಕವಾದ್ದರಿಂದ ಚಿಕ್ಕವರಿಗೆ ಉತ್ತರ ಯಾವಾಗಲೂ ಚಿಕ್ಕದೇ ಬರುತ್ತದೆ. 35ಕ್ಕಿಂತ ಕೆಳಗಿನವರಿಗೆ ಈ ಸೂತ್ರ ಸರಿಯಾಗಿ ಹೊಂದುವುದಿಲ್ಲ. 65 ದಾಟಿದವರಿಗೆ ಅದೇ ಕಾರಣಕ್ಕೆ ಕೆಳಗಿನ ಗೆರೆಯನ್ನು 1.3ರ ಬದಲು 2.0 ಅಂತ ಹಿಡಿಯುತ್ತಾರೆ. ಸೂತ್ರ ಹುಟ್ಟಿದ್ದೂ ಕೊಬ್ಬಿನ ಲಿವರ್‌ಗಾಗಿ ಅಲ್ಲ. 2006ರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ ಅದನ್ನು ಕಟ್ಟಿದ್ದರು. ಆಮೇಲೆ ಇಲ್ಲಿಗೂ ಹೊಂದುತ್ತದೆ ಅಂತ ಪರೀಕ್ಷಿಸಿ ತಂದರು. ಯಾವ ಸೂತ್ರಕ್ಕಾದರೂ ಅದು ನಡೆಯುವ ವ್ಯಾಪ್ತಿ ಇರುತ್ತದೆ ಅನ್ನುವುದನ್ನು ನಮಗೆ ಹೇಳಿಕೊಡಬೇಕಾಗಿಲ್ಲ.

ಹೆಚ್ಚು ಬಂದರೆ ಕಾಯಿಲೆ ಖಚಿತವೇ?

ಅಲ್ಲ. ಇದನ್ನು ಪ್ರಾಬೆಬಿಲಿಟಿ ಪೇಪರಿನ ಲೆಕ್ಕದ ಹಾಗೆ ನೋಡಿ. ಅಂಕಿಗಳು ಕಲಿಕೆಗೆ ಹಿಡಿದವು. ಒಂದು ಸಾವಿರ ಜನರಲ್ಲಿ 50 ಮಂದಿಗೆ ಮುಂದುವರಿದ ನಾರು ಇದೆ ಅಂತ ಇಟ್ಟುಕೊಳ್ಳಿ. ಪರೀಕ್ಷೆ ರೋಗ ಇದ್ದವರಲ್ಲಿ ನೂರಕ್ಕೆ 75 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 70 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ ಸಿಕ್ಕವರು ಸುಮಾರು 38, ತಪ್ಪಿಸಿಕೊಂಡವರು 12. ರೋಗವಿಲ್ಲದ 950ರಲ್ಲಿ 665 ಮಂದಿ ಪಾರು, 285 ಮಂದಿ ಸುಮ್ಮನೆ ಸಿಕ್ಕಿಬಿದ್ದರು.

'ಇಲ್ಲ' ಅಂತ ಬಂದ 677 ಮಂದಿಯಲ್ಲಿ ನಿಜವಾಗಿ ಇರುವವರು 12, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. 'ಇದೆ' ಅಂತ ಬಂದ 323ರಲ್ಲಿ ನಿಜವಾಗಿ ಇರುವವರು 38, ನೂರಕ್ಕೆ 12 ಮಾತ್ರ. ಇದರ ಅರ್ಥ: ಇಂಥ ಪರೀಕ್ಷೆ 'ಇಲ್ಲ' ಅಂದಾಗ ನಂಬಬಹುದು, 'ಇದೆ' ಅಂದಾಗ ಇನ್ನೊಂದು ಪರೀಕ್ಷೆಗೆ ಹೋಗಬೇಕು. ಎರಡು ಗೆರೆ ಇಟ್ಟಿರುವುದು ಇದಕ್ಕೇ. ಒಂದು ಬಿಡಲಿಕ್ಕೆ, ಒಂದು ಹಿಡಿಯಲಿಕ್ಕೆ.

ಇಳಕಲ್ಲಿನ ನೇಕಾರರಿಗೆ ಬಾಗಲಕೋಟೆಗೋ ಇನ್ನೂ ದೊಡ್ಡ ಊರಿಗೋ ಹೋಗಿ ಬರುವುದು ಅಂದರೆ ಒಂದು ದಿನದ ಮಗ್ಗ ನಿಂತ ಹಾಗೆ. ಯಾರು ಬಸ್ ಹತ್ತಬೇಕು, ಯಾರು ಮನೆಯಲ್ಲೇ ಇದ್ದು ತೂಕ ಇಳಿಸಿದರೆ ಸಾಕು ಅಂತ ವಿಂಗಡಿಸುವುದೇ ಫಿಬ್-4ರ ನಿಜವಾದ ಉಪಕಾರ.

ಪಕ್ಕೆಲುಬಿನ ನಡುವೆ ಒಂದು ತಟ್ಟು

ಮುಂದಿನ ಪರೀಕ್ಷೆ ಇಲಾಸ್ಟೋಗ್ರಫಿ. ಜನ ಫೈಬ್ರೋಸ್ಕ್ಯಾನ್ ಅಂತಾರೆ, ಅದು ಫ್ರಾನ್ಸಿನ ಎಕೋಸೆನ್ಸ್ ಕಂಪನಿಯ ಮಶೀನಿನ ಹೆಸರು. ಮಲಗಿಸಿ ಪಕ್ಕೆಲುಬಿನ ನಡುವೆ ಪ್ರೋಬ್ ಇಟ್ಟು ಮೆಲ್ಲಗೆ ಒಂದು ತಟ್ಟು ಕೊಡುತ್ತಾರೆ. ಆ ತಟ್ಟಿನಿಂದ 50 ಹರ್ಟ್ಸ್‌ನ ಶಿಯರ್ ಅಲೆ ಲಿವರ್‌ನೊಳಗೆ ಹೋಗುತ್ತದೆ. ಅದರ ಬೆನ್ನು ಹತ್ತಿ ಅಲ್ಟ್ರಾಸೌಂಡ್ ವೇಗ ಅಳೆಯುತ್ತದೆ. ಮೆತ್ತಗಿದ್ದರೆ ಅಲೆ ನಿಧಾನ, ಗಟ್ಟಿಯಾಗಿದ್ದರೆ ಜೋರು.

ಗಡಸುತನ = 3 × ಸಾಂದ್ರತೆ × (ಅಲೆಯ ವೇಗ)²

ಲಿವರ್‌ನ ಸಾಂದ್ರತೆ ನೀರಿನಷ್ಟೇ ಅಂತ ಹಿಡಿದು 1000 ಹಾಕಿ. ಸೆಕೆಂಡಿಗೆ 1.3 ಮೀಟರ್ ವೇಗ ಬಂದರೆ ಸುಮಾರು 5 ಕಿಲೋಪಾಸ್ಕಲ್, ಆರೋಗ್ಯವಂತ ಲಿವರ್. 2 ಮೀಟರ್ ಬಂದರೆ 12 ಕಿಲೋಪಾಸ್ಕಲ್. ವೇಗ ವರ್ಗವಾಗುವುದರಿಂದ ವೇಗದಲ್ಲಿ ಸಣ್ಣ ವ್ಯತ್ಯಾಸ ಬಂದರೂ ಉತ್ತರದಲ್ಲಿ ದೊಡ್ಡದಾಗುತ್ತದೆ. 8ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 12ಕ್ಕಿಂತ ಹೆಚ್ಚಾದರೆ ಮುಂದುವರಿದ ನಾರಿನ ಸಾಧ್ಯತೆ ಹೆಚ್ಚು, ನಡುವೆ ಬಂದರೆ ತಜ್ಞರು ನೋಡಬೇಕು. ಒಂದು ತಟ್ಟಿಗೆ ನಂಬುವುದಿಲ್ಲ. ಹತ್ತು ಸರಿಯಾದ ಅಳತೆ ತೆಗೆದು ಮೀಡಿಯನ್ ಹಿಡಿಯುತ್ತಾರೆ. ಹತ್ತರ ಹರವು ಮೀಡಿಯನ್ನಿನ ನೂರಕ್ಕೆ 30ಕ್ಕಿಂತ ಹೆಚ್ಚಿದ್ದರೆ ರಿಪೋರ್ಟು ಅಷ್ಟು ವಿಶ್ವಾಸಾರ್ಹವಲ್ಲ. ರಿಪೋರ್ಟಿನಲ್ಲಿ 'ಐಕ್ಯೂಆರ್' ಅಂತ ಇರುವುದು ಅದೇ, ನೋಡಿ. ಅಳೆಯುವ ಜಾಗ ಬಯಾಪ್ಸಿ ಎಳೆಗಿಂತ ಸುಮಾರು ನೂರು ಪಟ್ಟು ದೊಡ್ಡದು.

ಹೋಗುವ ಮೊದಲು ಕನಿಷ್ಠ ಮೂರು ತಾಸು ಏನೂ ತಿನ್ನಬಾರದು. ಊಟ ಮಾಡಿದರೆ ಲಿವರ್‌ಗೆ ರಕ್ತ ಹೆಚ್ಚು ಹರಿದು ಗಟ್ಟಿ ಇದ್ದಂತೆ ತೋರಿಸುತ್ತದೆ. ಕಾಮಾಲೆ ಇದ್ದಾಗ, ಹೃದಯ ಸೋತು ರಕ್ತ ತುಂಬಿಕೊಂಡಿದ್ದಾಗಲೂ ಹೀಗೇ. ಅಲೆಗೆ ನಾರೂ ಊತವೂ ಒಂದೇ, ಅದಕ್ಕೆ ಗೊತ್ತಿರುವುದು ಗಡಸುತನ ಮಾತ್ರ.

ಅಪ್ಪ ಬಸ್ ಹತ್ತಿದರು

2.87 ಬಂದ ದಿನ ನಾವು ಗೆಳತಿಗೆ ಏನು ಹೇಳಬೇಕು ಅಂತ ತಿಳಿಯದೆ ಕೂತಿದ್ದೆವು. ಮೂರು ಸಲ ಲೆಕ್ಕ ಹಾಕಿ ನೋಡಿದೆವು. ನಾವು ಕೇಳಿದ ವೈದ್ಯರು ಹೇಳಿದ್ದು ಇಷ್ಟೇ: "ಲೆಕ್ಕ ಸರಿ ಐತಿ. ಆದ್ರ ಹಂತ ನೀವು ಬರೀಬ್ಯಾಡ್ರಿ, ಪೇಷೆಂಟನ್ನ ಕಳಸ್ರಿ." ಆಕೆ ಮನೆಗೆ ಫೋನ್ ಮಾಡಿದಳು. "ಅಪ್ಪಾ, ನಾಳೆ ಮಗ್ಗ ನಿಲ್ಲಿಸಿ ಬಾ. ನನ್ನ ಸಲುವಾಗಿ ಬಾ." ಬಂದರು. ಕಡೆಗೆ ಇಲಾಸ್ಟೋಗ್ರಫಿಯಲ್ಲಿ 11.4 ಕಿಲೋಪಾಸ್ಕಲ್ ಬಂತು. ಸಿರೋಸಿಸ್ ಅಲ್ಲ, ಆದರೆ ನಿರ್ಲಕ್ಷಿಸುವ ಅಂಕಿಯೂ ಅಲ್ಲ. ಈಗ ತಜ್ಞರ ಹತ್ತಿರ ತೋರಿಸುತ್ತಿದ್ದಾರೆ.

ಚಿಕಿತ್ಸೆಯ ತಳಪಾಯ ತೂಕ. ದೇಹತೂಕದ ನೂರಕ್ಕೆ 5ರಷ್ಟು ಇಳಿದರೆ ಕೊಬ್ಬು ಕಡಿಮೆಯಾಗುತ್ತದೆ, 7ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ, 10 ಮುಟ್ಟಿದರೆ ನಾರು ಕೂಡ ಹಿಂದೆ ಸರಿಯುವ ಸಾಧ್ಯತೆ ಇದೆ. ಅವರು 82 ಕಿಲೋ ಇದ್ದರು, ಗುರಿ ಎಂಟು ಕಿಲೋ. ಆರು ತಿಂಗಳಲ್ಲಿ ಐದು ಇಳಿದಿದೆ. ಚಹಾದ ಸಕ್ಕರೆ ಹೋಯಿತು, ಎರಡು ಹೊತ್ತು ಅನ್ನದ ಜಾಗಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ ವಾಪಸ್ ಬಂದವು, ಅಮೀನಗಡ ಕರದಂಟು ಹಬ್ಬಕ್ಕೆ ಮಾತ್ರ. ಅಂಗಡಿ ಮುಚ್ಚಿದ ಮೇಲೆ ಒಂದು ತಾಸು ನಡಿಗೆ. 2024ರಲ್ಲಿ ಅಮೆರಿಕ ರೆಸ್ಮೆಟಿರೋಮ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದು ಎಫ್2, ಎಫ್3 ಹಂತದವರಿಗೆ ಮಾತ್ರ. ಅಂದರೆ ಔಷಧಿ ಬಂದ ಮೇಲೂ ಮೊದಲ ಪ್ರಶ್ನೆ ಅದೇ: ಹಂತ ಯಾವುದು?

ನಮ್ಮ ಸರದಿ

ಹೈದರಾಬಾದಿನ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 84 ಮಂದಿಗೆ ಕೊಬ್ಬಿನ ಲಿವರ್ ಇತ್ತು. ಪ್ಲೇಸ್‌ಮೆಂಟ್ ಆದ ಮೇಲೆ ನಾವು ಕೂರುವ ಕುರ್ಚಿಗಳೇ ಅವು. ಸೀರೆ ನೇಯುವವರೂ ಕೋಡ್ ಬರೆಯುವವರೂ ಕೂತೇ ದುಡಿಯುವವರು ಅಂತ ನೆನಪಿರಲಿ.

ನಮ್ಮ ವಯಸ್ಸಿಗೆ ಫಿಬ್-4 ಸಲ್ಲದು, ಟೇಪು ಸಲ್ಲುತ್ತದೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಬಿಎಂಐ ನಮ್ಮ ದೇಶದವರಿಗೆ 23 ದಾಟಿದರೇ ಹೆಚ್ಚು. 170 ಸೆಂಟಿಮೀಟರ್ ಎತ್ತರ, 70 ಕಿಲೋ ತೂಕದವನ ಬಿಎಂಐ 24.2. ವಿದ್ಯಾಗಿರಿಯ ಮಿರ್ಚಿ ಬಿಡಬೇಕಾಗಿಲ್ಲ, ಅದರ ಜೊತೆ ದಿನಾ ಕುಡಿಯುವ ತಂಪು ಪಾನೀಯ ಬಿಟ್ಟರೆ ದೊಡ್ಡ ಉಪಕಾರ.

ಭಾರತ ಸರ್ಕಾರ 2021ರ ಫೆಬ್ರವರಿಯಲ್ಲಿ ಕೊಬ್ಬಿನ ಲಿವರ್ ಅನ್ನು ಸಕ್ಕರೆ ಕಾಯಿಲೆ, ಬಿಪಿ ಜೊತೆಗಿನ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮಕ್ಕೆ ಸೇರಿಸಿತು. ಹಾಗಾಗಿ ತಾಲೂಕು ಆಸ್ಪತ್ರೆಯಲ್ಲಿ ಈ ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯಲ್ಲಿ 35 ದಾಟಿದ, ಸಕ್ಕರೆ ಕಾಯಿಲೆ ಅಥವಾ ಹೊಟ್ಟೆಯ ಬೊಜ್ಜು ಇರುವವರ ಹಳೆ ರಿಪೋರ್ಟು ಕಪಾಟಿನಿಂದ ತೆಗೆಯಿರಿ. ಒಂದೇ ಹೊತ್ತಿನ ರಕ್ತದ ನಾಲ್ಕು ಸಂಖ್ಯೆ ಹುಡುಕಿ, ಯುನಿಟ್ಟು ನೋಡಿ ಲೆಕ್ಕ ಹಾಕಿ. 1.3ರ ಕೆಳಗೆ ಬಂದರೆ ಟೇಪು ಕೊಟ್ಟು ಬನ್ನಿ. ಮೇಲೆ ಬಂದರೆ ಹೆದರಿಸಬೇಡಿ, ಕೈಹಿಡಿದು ವೈದ್ಯರ ಹತ್ತಿರ ಕರಕೊಂಡು ಹೋಗ್ರಿ. "ಎಲ್ಲಾರಿಗೂ ಇರತೈತಿ ಬಿಡ" ಅನ್ನುವವರಿಗೆ ನಮ್ಮ ಹತ್ತಿರ ಈಗ ಉತ್ತರ ಇದೆ: ಕೊಬ್ಬು ಎಲ್ಲಾರಿಗೂ ಇರಬಹುದು, ನಾರು ಯಾರಿಗೆ ಐತಿ ಅಂತ ನೋಡೋಣ ಬರ್ರಿ.